ಕಡಿಮೆ ಉಂಡವರ ಲೆಕ್ಕ

ನಮ್ಮೂರಲ್ಲಿ ಟರ್ಕಿ ಕೋಳಿ ಮೈತುಂಬಿ ಬೆಳೆದರೆ ಹೊಗಳಿಕೆ ಆ ಮನೆಯ ಅತ್ತೆಗೆ, ಸೊರಗಿದರೆ ಬೈಗುಳವೂ ಅತ್ತೆಗೆ. ಗಿರಣಿಯಲ್ಲಿ ಮೇವು ಬೀಸಿಕೊಡುವ ನನ್ನನ್ನು ಕೇಳುವವರೇ ಇಲ್ಲ. ಮೆಕ್ಕೆಜೋಳ, ಶೇಂಗಾ ಹಿಂಡಿ, ಒಣಮೀನಿನ ಪುಡಿ, ಕುಟ್ಟಿದ ಚಿಪ್ಪು ಎಲ್ಲವನ್ನೂ ಹದವಾಗಿ ಬೆರೆಸುತ್ತ ಅರ್ಧ ಆಯುಷ್ಯ ಕಳೆದವಳು ನಾನು. ಮರಿಗೆ ಬೇರೆ ಹದ, ಎದೆ ಬಲಿಯುವ ಹಕ್ಕಿಗೆ ಬೇರೆ ಹದ, ಮೊಟ್ಟೆ ಇಡುವ ಹೆಣ್ಣಿಗೆ ಇನ್ನೊಂದು. ಅದನ್ನೆಲ್ಲ ವಿವರಿಸಹೊರಟರೆ ಜನ ಆಕಳಿಸುತ್ತಾರೆ. "ಕೆಂಚವ್ವ, ನಿನ್ನ ಮೇವು ಚಲೋನ ಐತಿ. ಆದ್ರ ಮೊದ್ಲು ಮನ್ಯಾಗ ಎಲ್ಲಾರೂ ಉಣಬೇಕಲ್ಲ" ಅನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ನನಗೆ ಸಿಟ್ಟು ಬರುವುದೂ ಅದಕ್ಕೇ.

ನಮ್ಮೂರ ಟರ್ಕಿಗಳು ತಾವಿರುವ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಉಂಡವರ ಲೆಕ್ಕಕ್ಕೆ ಉಣ್ಣುತ್ತವೆ. ಯಜಮಾನ ಎಷ್ಟು ರೊಟ್ಟಿ ಮುರಿದರೂ ಅವಕ್ಕೆ ಸಂಬಂಧವಿಲ್ಲ. ಒಳಗೆ ಮೂಲೆಯಲ್ಲಿ ಒಬ್ಬಳು ಅರ್ಧ ಹೊಟ್ಟೆಗೆ ಎದ್ದು ಕೈ ತೊಳೆದಳೋ, ಹೊರಗೆ ಹಿಂಡೂ ಅರ್ಧಕ್ಕೇ ಬಿಟ್ಟು ಅಡಿಗೆಮನೆಯ ಬಾಗಿಲ ಕಡೆ ಕತ್ತು ಚಾಚಿ ನಿಂತುಬಿಡುತ್ತದೆ. ತಟ್ಟೆಯ ಅನ್ನವನ್ನು ನಾಯಿಗೆ ಹಾಕಿ ಬಾಯಿ ಒರೆಸಿಕೊಂಡು ಬಂದರೂ ಅವು ಮೋಸಹೋಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಹೆಂಗಸರು ಕೊನೆಗೆ ಉಳಿದದ್ದನ್ನು ಬಳಿದು ತಿನ್ನುವ ಪದ್ಧತಿ ಎಂದೋ ಹೋಯಿತು. ಗಂಡ ಹೆಂಡತಿ ಜಗಳವಾಡುವುದಿದ್ದರೆ ಊಟ ಮುಗಿಸಿ ಆಡುತ್ತಾರೆ. ಹೆಣ್ಣು ನೋಡಲು ಹೋದವರು ಹಾಡು ಬರುತ್ತದೆಯೇ ಎಂದು ಕೇಳದೆ ಅವಳ ಮುಂದೆ ಒಂದು ತಟ್ಟೆ ಊಟ ಇಟ್ಟು ಸುಮ್ಮನೆ ಕೂಡುತ್ತಾರೆ. ಉಪವಾಸದ ವಿಷಯದಲ್ಲಿ ನಮ್ಮ ದೇವರುಗಳೂ ಹಟ ಬಿಟ್ಟಿದ್ದಾರೆ. ರಂಜಾನ್ ತಿಂಗಳಲ್ಲಿ ಮಸೂತಿ ಓಣಿಯ ಹಕ್ಕಿಗಳು ಹಗಲೆಲ್ಲ ತೂಕಡಿಸಿ, ಸಂಜೆ ಬಾಂಗು ಕೇಳಿದ ಕೂಡಲೇ ಎದ್ದು ಮೈ ಕೊಡವುತ್ತವೆ. ಒಬ್ಬರಿಗೆ ಹಲ್ಲುನೋವು ಬಂದರೆ ಓಣಿಯ ನಾಲ್ಕು ಮನೆಯಿಂದ ಮೆತ್ತನೆಯ ಅಡಿಗೆ ಬರುತ್ತದೆ.

ಇದೆಲ್ಲ ಚೆಂದವೇ. ಚೆಂದವಲ್ಲದ್ದು ಕೆರೆ ಸಾಲು. ಊರ ಹೊರಗೆ, ಕೆರೆಯ ದಂಡೆಗೆ, ಹಕ್ಕಿ ಸಾಕದ ಮನೆಗಳ ಒಂದು ಸಾಲಿದೆ. ಮುಪ್ಪಿನಿಂದಲೋ ಬೇನೆಯಿಂದಲೋ ಉಣ್ಣಲಾಗದವರನ್ನು ಅಲ್ಲಿಗೆ ಕರೆದೊಯ್ದು ಇರಿಸುತ್ತೇವೆ. ಹಾಸಿಗೆ ಶುಭ್ರವಾಗಿರುತ್ತದೆ, ಮನೆಯವರು ತಾವು ಉಂಡಾದ ಮೇಲೆ ಪಾಳಿಯ ಪ್ರಕಾರ ಹೋಗಿ ಕೂತು ಬರುತ್ತಾರೆ, ಯಾರೂ ಕೆಟ್ಟವರಲ್ಲ. ಆದರೆ ಅಲ್ಲಿಗೆ ಹೋದವರು ಮನೆಗೆ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಹಿಂಡು ಉಪವಾಸ ಬಿದ್ದು ಸತ್ತ ಮನೆಗೆ ಮತ್ತೆ ಯಾರೂ ಮರಿ ಕೊಡುವುದಿಲ್ಲವಲ್ಲ, ಹೀಗಾಗಿ ಬೇರೆ ದಾರಿಯಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ.

ಸಂತೆಯ ಹಿಂದಿನ ದಿನ ಮನೆಮನೆಗೆ ಹೋಗಿ ಹಕ್ಕಿ ತೂಗುವುದು ನನ್ನದೇ ಕೆಲಸ. ಕೊಕ್ಕೆ ತಕ್ಕಡಿಗೆ ಕಾಲು ಸಿಕ್ಕಿಸಿ ಎತ್ತಿದರೆ ದೊಡ್ಡ ಗಂಡು ಹಕ್ಕಿ ರೆಕ್ಕೆಯಲ್ಲಿ ನನ್ನ ಮೋರೆಗೆ ನಾಲ್ಕು ಬಿಗಿದೇ ಕೆಳಗಿಳಿಯುವುದು. ನಾನು ತೂಕವನ್ನು ಗಟ್ಟಿಯಾಗಿ ಹೇಳುತ್ತೇನೆ, ಓಣಿ ಕೇಳಿಸಿಕೊಳ್ಳುತ್ತದೆ. ಆ ಮನೆಯಲ್ಲಿ ಯಾರ ಹೊಟ್ಟೆ ಹೇಗಿದೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಹೊಸ ಸೊಸೆ ಬಂದ ಮನೆಯ ಮುಂದೆ ಆ ದಿನ ಜನ ತುಸು ಹೆಚ್ಚೇ ಇರುತ್ತಾರೆ, ಅದರಲ್ಲೂ ಸೊಸೆಯ ತವರಿನವರು.

ಪುತಳವ್ವನ ಮನೆಯ ಮುಂದೆಯೂ ಹಾಗೆ ಜನ ಸೇರಿದ್ದರು. ಪುತಳವ್ವ ನನ್ನ ಓರಗೆಯವಳು, ಗಟ್ಟಿ ಆಳು. ಊರೆಲ್ಲ ಕೂಡಿ ಉಣ್ಣುವ ಬಾನದ ಹಬ್ಬದ ದಿನ ಎಲ್ಲರ ಎದುರು ಕೂತು ಗಂಡಸರಿಗಿಂತ ಹೆಚ್ಚು ಉಂಡು, ಎದ್ದು ಹೋಗಿ ನೀರು ಸೇದುವವಳು. ಅವಳ ಮಗ ಲಗಮಣ್ಣ, ಮಾತು ಕಡಿಮೆ, ಕೆಲಸ ಹೆಚ್ಚು. ಅವನಿಗೆ ಕೆಳಗಿನ ಓಣಿಯ ಭರಮಪ್ಪನ ಮಗಳು ಮಾಯವ್ವನನ್ನು ತಂದು ಇನ್ನೂ ವರ್ಷ ಹೊರಳಿರಲಿಲ್ಲ. ಆ ಸಲದ ಮರಿಗಳಿಗೆ ಮೊದಲ ಪಾಠ ಹೇಳಿಕೊಟ್ಟವಳೂ ಮಾಯವ್ವನೇ. ಟರ್ಕಿ ಮರಿಗೆ ಹುಟ್ಟುತ್ತಲೇ ಉಣ್ಣಲು ಬರುವುದಿಲ್ಲ. ಕಾಳಿನ ಮುಂದೆಯೇ ನಿಂತು ಹಸಿದು ಸಾಯುವಷ್ಟು ಪೆದ್ದು. ಅವಳು ಬೇಯಿಸಿದ ಮೊಟ್ಟೆ ಹಿಸುಕಿ, ಈರುಳ್ಳಿ ಸೊಪ್ಪು ಸಣ್ಣಗೆ ಹೆಚ್ಚಿ, ಕಣ್ಣಿಗೆ ಬೀಳಲೆಂದು ನಡುವೆ ಕೆಂಪು ಮಣಿ ಇಟ್ಟು, ತಟ್ಟೆಯನ್ನು ಬೆರಳಲ್ಲಿ ಟಕ್ ಟಕ್ ಕುಟ್ಟುತ್ತ ಒಂದೊಂದಕ್ಕೂ ಕಲಿಸಿದ್ದಳು. ಮರಿಗಳು ಮೊದಮೊದಲು ಚೆನ್ನಾಗಿಯೇ ಬೆಳೆದವು. ಆಮೇಲೆ ನಿಂತವು.

ಒಂದು ಸಂತೆ ನಿಂತರೆ ಗಾಳಿ ಅನ್ನಬಹುದು, ನೀರು ಅನ್ನಬಹುದು. ನಾನು ಮೀನಿನ ಪುಡಿ ಹೆಚ್ಚಿಸಿದೆ. ನುಗ್ಗೆ ಸೊಪ್ಪು ಕಟ್ಟಿಸಿದೆ, ಮಜ್ಜಿಗೆ ಕುಡಿಸಿದೆ, ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಮುಂದಿನ ಸಂತೆಗೆ ಕೊಕ್ಕೆಗೆ ಸಿಕ್ಕಿಸಿದ ಹಕ್ಕಿ ಹಗುರಾಗಿಯೇ ಮೇಲೆ ಬಂತು. ಎದೆಯ ಮೂಳೆ ನನ್ನ ಹೆಬ್ಬೆರಳಿಗೆ ಕೊರೆಯಿತು. ನಾನು ತೂಕ ಹೇಳಿದೆ. ಎಲ್ಲರೂ ಪುತಳವ್ವನನ್ನು ನೋಡಿದರು.

"ನಮ್ಮ ಹುಡುಗಿನ್ನ ಅರೆಹೊಟ್ಟಿ ಇಟ್ಟೀ ಏನವ್ವ?" ಎಂದ ಭರಮಪ್ಪ. ಅವನು ಮೆತ್ತಗೆ ಕೇಳಿದ, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

"ನಾ ಹೊಟ್ಟಿ ತುಂಬ ಉಣ್ತೀನಪ್ಪಾ" ಎಂದಳು ಮಾಯವ್ವ.

ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಂಡಿದ್ದೇನೆ ಎಂದು ಹೇಳದ ಸೊಸೆಯನ್ನು ಯಾರು ಕಂಡಿದ್ದಾರೆ? ನಾವೆಲ್ಲ ಒಂದು ಕಾಲಕ್ಕೆ ಅದೇ ಮಾತು ಹೇಳಿದವರೇ. ನನಗೆ ಪುತಳವ್ವನ ಮೇಲೆ ಕೆಂಡದಂಥ ಸಿಟ್ಟು ಬಂತು. ಇಷ್ಟು ವರ್ಷದ ಗೆಳತಿ, ಇಂಥವಳೇ ಎಂದುಕೊಂಡೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಿಂತಿದ್ದಳು.

ಇಂಥ ಹೊತ್ತಿಗೆ ನಮ್ಮಲ್ಲಿ ಎದುರೂಟ ಎಂದೊಂದಿದೆ. ತೂಗುವವಳು ಆ ಮನೆಗೆ ಹೋಗಿ, ಯಾರು ಉಣ್ಣುತ್ತಿಲ್ಲವೆಂಬ ಅನುಮಾನವಿದೆಯೋ ಅವರ ಎದುರು ಕೂತು, ತಟ್ಟೆಗೆ ಬಿದ್ದದ್ದು ಹೊಟ್ಟೆಗೆ ಹೋಗುವುದನ್ನು ಕಣ್ಣಾರೆ ನೋಡಬೇಕು. ನಾನು ಹೋಗಿ ಕೂತೆ. ಪುತಳವ್ವ ಬಡಿಸಿದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಮಾಯವ್ವ ಚಪ್ಪರಿಸಿಕೊಂಡು ಉಂಡಳು, ಬೆರಳು ನೆಕ್ಕಿದಳು. ಪುತಳವ್ವ ಮೇಲೆ ಮೇಲೆ ಹಾಕಿದಳು. ನನಗೂ ಒತ್ತಾಯ ಮಾಡಿ ಬಡಿಸಿದಳು. ನಾನು ಹುಡುಗಿಯ ಬಾಯಿಯಿಂದ ಕಣ್ಣು ತೆಗೆಯಲಿಲ್ಲ. ಲಗಮಣ್ಣನೂ ಅವಳನ್ನೇ ನೋಡುತ್ತಿದ್ದ. ಹೊರಗೆ ಬಂದು ನೋಡಿದರೆ ಮೇವಿನ ತಟ್ಟೆ ತುಂಬಿದ್ದು ತುಂಬಿದಂತೆಯೇ ಇದೆ. ಹಕ್ಕಿಗಳು ನಾಲ್ಕು ಕಾಳು ಹೆಕ್ಕಿ ಬಿಟ್ಟು ಅಡಿಗೆಮನೆಯ ಕಡೆ ಕತ್ತು ಚಾಚಿ ನಿಂತಿವೆ.

ಭರಮಪ್ಪ ಕೇಳಿ ತಲೆ ಅಲ್ಲಾಡಿಸಿದ. "ನೀ ಎದುರಿಗಿದ್ದಿ, ಅಂಜಿ ಉಂಡಾಳ. ಅಂಜಿ ಉಂಡದ್ದು ಮೈಗೆ ಹತ್ತೂದಿಲ್ಲ. ನಾ ಕರ್ಕೊಂಡು ಹೋಗ್ತೀನಿ. ಅಕಿ ಈ ಮನಿ ಬಿಟ್ಟ ಮ್ಯಾಲೆ ಹಕ್ಕಿ ಉಣ್ಣಾಕ ಸುರು ಮಾಡಿದ್ರ, ಹಸದಾಕಿ ಯಾರು ಅನ್ನೂದು ಊರಿಗೆ ತಿಳೀತೈತಿ. ಆಮ್ಯಾಲೆ ಅಕಿ ತಿರುಗಿ ಬರೂದಿಲ್ಲ."

ಇದೂ ನಮ್ಮ ಪದ್ಧತಿಯೇ. ಹೀಗೆ ತವರಿಗೆ ಹೋಗಿ ಸಂಬಂಧ ಹರಿದುಕೊಂಡ ಸೊಸೆಯರು ಊರಲ್ಲಿ ಇದ್ದಾರೆ, ಮತ್ತೆ ಮದುವೆಯಾಗಿ ಸುಖವಾಗಿಯೂ ಇದ್ದಾರೆ. ಆದರೆ ಮಾಯವ್ವ ಹೋಗಲು ಒಪ್ಪಲಿಲ್ಲ. ಅಪ್ಪನ ಕಾಲು ಹಿಡಿದಳು. "ಅತ್ತಿದು ತಪ್ಪಿಲ್ಲ. ನಾನ ಉಣವಲ್ಲೆ. ನನ್ನ ಹೊಟ್ಟೀಗೆ ಸೇರವಲ್ದು. ನನ್ನ ಇಲ್ಲೇ ಬಿಡು" ಎಂದಳು. ತೂಕದ ದಿನ ಹೊಟ್ಟೆ ತುಂಬ ಉಣ್ಣುತ್ತೇನೆ ಅಂದವಳು ಮಾತು ತಿರುವಿದ್ದು ಕಂಡು ಭರಮಪ್ಪನಿಗೆ ಇನ್ನಷ್ಟು ಭಯವಾಯಿತು. ಅವನು ಮಗಳ ರಟ್ಟೆ ಹಿಡಿದು ಎಬ್ಬಿಸಿದ. ಲಗಮಣ್ಣ ಏನಾದರೂ ಹೇಳಿಯಾನು ಎಂದು ಅವಳು ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಹೋಗುವಾಗ ಅವಳು ಅತ್ತೆಯ ಹತ್ತಿರ ಏನೋ ಪಿಸುಗುಟ್ಟಿದಳು. ಪುತಳವ್ವ ಹೂಂ ಎಂದು ತಲೆದೂಗಿದ್ದು ಕಂಡಿತು.

ಸೊಸೆ ಹೋದ ಮೇಲೆ ಹಕ್ಕಿ ಉಣ್ಣುತ್ತವೆ ಎಂದೇ ಎಲ್ಲರೂ ಕಾದರು. ಉಣ್ಣಲಿಲ್ಲ. ಮೊದಲು ನಾಲ್ಕು ಕಾಳಾದರೂ ಹೆಕ್ಕುತ್ತಿದ್ದವು, ಈಗ ಅದೂ ಇಲ್ಲ. ಲಗಮಣ್ಣ ಬಂದು, "ಕೆಂಚವ್ವತ್ತಿ, ಬಂದು ಸ್ವಲ್ಪ ನೋಡು, ಹಕ್ಕಿ ಕುತಗೀನ ಎತ್ತವಲ್ವು" ಎಂದ. ಅವನನ್ನು ಗಿರಣಿಯ ಬಾಗಿಲು ನೋಡಿಕೊಳ್ಳಲು ಬಿಟ್ಟು ನಾನು ಹೊರಟೆ. ದಾರಿಯಲ್ಲಿ ಮೇವಿಗೆ ಇನ್ನೇನು ಬೆರೆಸಲಿ ಎಂದು ಲೆಕ್ಕ ಹಾಕುತ್ತ ಹೋದೆ ನೋಡಿ, ಅಷ್ಟು ಬುದ್ಧಿವಂತೆ ನಾನು.

ಕೊಟ್ಟಿಗೆಯಲ್ಲಿ ಹಕ್ಕಿಗಳು ರೆಕ್ಕೆ ಜೋಲುಬಿಟ್ಟು ಕೂತಿದ್ದವು. ಗಂಡು ಹಕ್ಕಿಯ ಕೊರಳ ಜೋಲು ಕೆಂಪು ಹೋಗಿ ಬೂದಿ ಬಣ್ಣಕ್ಕೆ ಬಂದಿತ್ತು. ನಾನು ಕೂಗದೆಯೇ ಒಳಗೆ ಹೋದೆ. ಪುತಳವ್ವ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕೈಯಲ್ಲಿ ಗಂಜಿಯ ಬಟ್ಟಲು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕುತ್ತಿಗೆ ಎತ್ತಿದಳು. ನುಂಗಲು ಹೋದದ್ದು ಮೂಗಿನಿಂದ ತಿರುಗಿ ಬಂತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಬಟ್ಟಲು ಎತ್ತಿದಳು. ಅವಳ ಬೆನ್ನಿನ ಎಲುಬುಗಳು ಕುಪ್ಪಸದೊಳಗಿಂದ ಎದ್ದು ಕಾಣುತ್ತಿದ್ದವು. ದಿನ ಬೆಳಗಾದರೆ ನೋಡುವವಳನ್ನು ನಾನು ನೋಡಿಯೇ ಇರಲಿಲ್ಲ. ಎದುರೂಟದ ದಿನ ಬಡಿಸುತ್ತ ಓಡಾಡಿದವಳು ತಾನು ಕೂತಳೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಪುತಳಿ" ಎಂದೆ.

ಅವಳು ತಿರುಗಿ ನೋಡಿದಳು, ಬಟ್ಟಲು ಮುಚ್ಚಿಡಲು ಹೋದಳು, ಆಮೇಲೆ ಬಿಟ್ಟುಬಿಟ್ಟಳು. "ಬಾ, ಕೂಡು" ಎಂದಳು. ದನಿ ಒಡೆದಿತ್ತು. "ಗಂಟಲಾಗ ಏನೋ ಕುಂತೈತಿ. ಮಾಯವ್ವ ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗಿದ್ಲು. ಡಾಕ್ಟರು ನನ್ನ ಕೂಡ ಮಾತಾಡಲಿಲ್ಲ, ಅಕಿನ್ನ ಹೊರಗ ಕರದು ಮಾತಾಡಿದ್ರು. ಅಷ್ಟಕ್ಕ ನಂಗ ತಿಳೀತು."

"ಲಗಮಣ್ಣಗ ಗೊತ್ತೈತೇನು?"

"ಗೊತ್ತಾದ್ರ ಅವ ಕೆರೆ ಸಾಲಿಗೆ ಒಯ್ಬೇಕಾಗ್ತೈತಿ. ಅದಕ್ಕ ಅಕಿ ಯಾರಿಗೂ ಹೇಳಬ್ಯಾಡ ಅಂದ್ಲು. ಊರವ್ರು ಏನರ ಕೇಳಿದ್ರ ನಾನ ಉಣವಲ್ಲೆ ಅಂತೀನಿ, ನೀ ಸುಮ್ನಿರು ಅಂದ್ಲು. ದಿನಾ ಗಂಜಿ ಸೋಸಿ, ಚಮಚದಾಗ ಹನಿ ಹನಿ ಹಾಕ್ತಿದ್ಲು. ಅಕಿ ಕೈಯಾಗ ಇಳೀತಿತ್ತು. ನನ್ನ ಕೈಯಾಗ ಇಳೀವಲ್ದು."

ನಾನು ಬಟ್ಟಲು ತೆಗೆದುಕೊಂಡು ಪ್ರಯತ್ನಿಸಿದೆ. ನನ್ನ ಕೈಯಲ್ಲೂ ಇಳಿಯಲಿಲ್ಲ. ಅವಳು ಕೆಮ್ಮಿ ಕೆಮ್ಮಿ ಸುಸ್ತಾಗಿ ನನ್ನ ಭುಜಕ್ಕೆ ಒರಗಿದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ.

"ನಮ್ಮತ್ತಿನ್ನ ಕೆರೆ ಸಾಲಿಗೆ ಕಳಿಸ್ದಾಕಿ ನಾನ, ಕೆಂಚಿ" ಎಂದಳು. "ಬಂಡಿ ಹತ್ತಿಸುವಾಗ ಅಕಿ ನನ್ನ ಕೈ ಗಟ್ಟಿ ಹಿಡದಿದ್ಲು. ಬಾಯಿಬಿಟ್ಟು ಬ್ಯಾಡ ಅನಲಿಲ್ಲ, ಕೈ ಅಷ್ಟ ಬಿಡಲಿಲ್ಲ. ಹಕ್ಕಿ ಸೊರಗಾಕತ್ಯಾವು ಅಂತ ನಾ ಅಕಿ ಬೆರಳು ಒಂದೊಂದ ಬಿಡಿಸಿದೆ. ಈಗ ನನ್ನ ಬೆರಳು ಮಾಯವ್ವ ಬಿಡಿಸಬೇಕಾಗ್ತೈತಲ್ಲ. ಅಕಿಗೆ ಆ ಕೆಲಸ ಬರಬಾರ್ದು. ನೀನ ಯಾರಿಗರ ಹೇಳು, ಬಂಡಿ ತರಸು. ಅಕಿ ತವರಾಗ ಇರುವಾಗ ನಾ ಹೋಗಿಬಿಡ್ತೀನಿ."

ಹೇಳದೆ ಇರಲು ನನ್ನಿಂದಾಗಲಿಲ್ಲ. ಹೇಳದಿದ್ದರೆ ಮಾಯವ್ವ ಆ ಮನೆಗೆ ಮರಳುವಂತಿಲ್ಲ, ಹಿಂಡು ಉಳಿಯುವಂತಿಲ್ಲ. ಮಾಡದ ತಪ್ಪು ಪುತಳವ್ವನ ತಲೆಯ ಮೇಲೆ ಹಾಗೇ ಉಳಿಯುತ್ತಿತ್ತು. ಗಿರಣಿಗೆ ಬಂದು ಲಗಮಣ್ಣನಿಗೆ ಹೇಳಿದೆ. ಅವನು ಚೀಲದ ಮೇಲೆ ಕೂತವನು ಬಹಳ ಹೊತ್ತು ಏಳಲಿಲ್ಲ. ಭರಮಪ್ಪನಿಗೂ ಹೇಳಿಕಳಿಸಿದೆ.

ನಾನು ಮತ್ತೆ ಆ ಮನೆಗೆ ಹೋಗುವಷ್ಟರಲ್ಲಿ ಬಂಡಿ ಬಂದಿತ್ತು. ಲಗಮಣ್ಣ ಅದರೊಳಗೆ ಹುಲ್ಲು ಹರವಿ, ಮೇಲೆ ಕೌದಿ ಹಾಸುತ್ತಿದ್ದ. ಒಂದು ಮೂಲೆ ಎಳೆದರೆ ಇನ್ನೊಂದು ಮೂಲೆ ಸುಕ್ಕಾಗುತ್ತಿತ್ತು, ಮತ್ತೆ ಎಳೆಯುತ್ತಿದ್ದ. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ಅವನು ಕೆಟ್ಟ ಮಗನಲ್ಲ. ಉಣ್ಣಲಾಗದವರನ್ನು ಎಲ್ಲಿಗೆ ಒಯ್ಯಬೇಕೆಂದು ಅವನಿಗೆ ಗೊತ್ತಿದ್ದದ್ದು ಅದೊಂದೇ ಜಾಗ. ಪುತಳವ್ವ ಹೊಸ್ತಿಲ ಮೇಲೆ ಕೂತಿದ್ದಳು, ಮಗ್ಗುಲಲ್ಲಿ ಸೀರೆಯ ಗಂಟು. ಓಣಿಯವರು ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು. ಅವಳನ್ನು ಬೈದವರೇ ಅವರೆಲ್ಲ, ನನ್ನನ್ನೂ ಸೇರಿಸಿ.

ಮಾಯವ್ವ ಓಡಿಕೊಂಡು ಬಂದಳು, ಹಿಂದೆ ಏದುಸಿರು ಬಿಡುತ್ತ ಭರಮಪ್ಪ. ಅವಳು ಬಂಡಿ ನೋಡಿದಳು, ಕೌದಿ ನೋಡಿದಳು, ಸೀರೆಯ ಗಂಟು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ನನ್ನನ್ನೇ ಮೊದಲು ಬೈಯುತ್ತಾಳೆ ಎಂದುಕೊಂಡೆ. ಅವಳು ಯಾರನ್ನೂ ಬೈಯಲಿಲ್ಲ. ಬಂಡಿಯ ಮಗ್ಗುಲಿನಿಂದ ಹಾದು ಹೋಗಿ ಕೊಟ್ಟಿಗೆಯ ತಡಿಕೆ ತೆಗೆದಳು. ಹಿಂಡು ಹೊಡೆಯುವ ಉದ್ದ ಕೋಲು ತೆಗೆದುಕೊಂಡು, ನಾಲಿಗೆಯಲ್ಲಿ ಲೊಚಗುಟ್ಟಿ ಹಕ್ಕಿಗಳನ್ನು ಎಬ್ಬಿಸಿದಳು. ಅವಳ ದನಿಗೆ ಅವು ತಡವರಿಸುತ್ತ ಎದ್ದವು, ಒಂದರ ಹಿಂದೆ ಒಂದು ಅಂಗಳಕ್ಕೆ ಬಂದವು.

"ಎಲ್ಲಿಗೆ ಹೊಡಕೊಂಡು ಹೊಂಟಿ?" ಎಂದ ಲಗಮಣ್ಣ.

"ಕೆಂಚವ್ವತ್ತಿ ಗಿರಣಿಗೆ."

"ನನ್ನ ಒಂದು ಮಾತು ಕೇಳಿದೇನು?" ಎಂದೆ ನಾನು.

"ಈಗ ಕೇಳಾಕತ್ತೀನಲ್ಲ. ಇಟ್ಕೋ. ನಿಂದು ಒಂದ ಹೊಟ್ಟಿ, ಅದು ಯಾವತ್ತೂ ಖಾಲಿ ಇರೂದಿಲ್ಲ."

ಆ ಹೊತ್ತಿನಲ್ಲೂ ಇಬ್ಬರು ಮೂವರು ನಕ್ಕರು. ಭರಮಪ್ಪ ನಗಲಿಲ್ಲ. ಮಗಳ ಎದುರಿಗೆ ಬಂದು ನಿಂತ. "ಹುಚ್ಚಿ, ಹಕ್ಕಿ ಇಲ್ಲದ ಮನಿ ಅಂದ್ರ ಏನು ಗೊತ್ತೈತೇನು? ಇದೂ ಕೆರೆ ಸಾಲಿನ ಮನೀನ ಆಗ್ತೈತಿ."

"ಆಗ್ಲಿ. ಅತ್ತಿ ಕೆರೆ ಸಾಲಿಗೆ ಹೋಗೂದು ಬ್ಯಾಡ, ಆ ಸಾಲು ಇಲ್ಲೀತನಾ ಬಂತು ಅಂತ ತಿಳ್ಕೋ" ಎಂದಳು.

"ಬದುಕು ಹೆಂಗ?"

"ಇವರು ಗಿರಣ್ಯಾಗ ಚೀಲ ಹೊರ್ತಾರ. ನಾ ಮಂದಿ ಮರಿಗೆ ಉಣ್ಣಾಕ ಕಲಸ್ತೀನಿ. ನನ್ನಷ್ಟು ಚಲೋ ಯಾರಿಗೆ ಬರ್ತೈತಿ?"

ಲಗಮಣ್ಣ ಕೌದಿಯ ಮೂಲೆ ಹಿಡಿದು ನಿಂತಿದ್ದ. ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಆಮೇಲೆ ಕೌದಿಯನ್ನು ಬಂಡಿಯಿಂದ ಎಳೆದು, ಸುತ್ತಿ ಬಗಲಲ್ಲಿ ಇಟ್ಟುಕೊಂಡು, ಬಗ್ಗಿ ತಾಯಿಯ ಸೀರೆಯ ಗಂಟನ್ನೂ ಎತ್ತಿಕೊಂಡು ಒಳಗೆ ಹೋದ. ಬಂಡಿಯವನು ಇನ್ನೇನು ಮಾಡಲಿ ಎಂಬಂತೆ ನನ್ನ ಕಡೆ ನೋಡಿದ. ನಾನು ಹೋಗು ಎಂದು ಕೈ ಮಾಡಿದೆ.

ಊರ ನಡುವೆ ಹಿಂಡು ಹೊಡೆದುಕೊಂಡು ನಾವಿಬ್ಬರೂ ನಡೆದೆವು. ಜನ ಬಾಗಿಲಿಗೆ ಬಂದು ನೋಡಿದರು. ಹಕ್ಕಿ ಬೆಳೆಯಲಿ ಎಂದು ಮನುಷ್ಯರನ್ನು ಮನೆಯಿಂದ ಕಳಿಸಿದ್ದನ್ನು ಅವರೆಲ್ಲ ಕಂಡಿದ್ದರು, ಬಹಳ ಮನೆಗಳವರು ಕಳಿಸಿಯೂ ಇದ್ದರು. ಹಕ್ಕಿಯನ್ನೇ ಕಳಿಸಬಹುದು ಎಂದು ಯಾರ ತಲೆಗೂ ಬಂದಿರಲಿಲ್ಲ. ಒಬ್ಬ ಮುದುಕ ಕಟ್ಟೆಯಿಂದ ಎದ್ದು ನಿಂತು ಹಿಂಡು ದಾಟುವವರೆಗೂ ನಿಂತೇ ಇದ್ದ. ಅವನ ಹೆಂಡತಿ ಸಾಲಿನಲ್ಲಿ ತೀರಿಕೊಂಡದ್ದು ನನಗೆ ನೆನಪಿತ್ತು. ಅವನ ಮುಖ ನೋಡಲಾಗದೆ ನಾನು ಹಕ್ಕಿಗಳನ್ನೇ ನೋಡುತ್ತ ನಡೆದೆ.

ಗಿರಣಿಯ ಹಿಂದಿನ ಅಂಗಳದಲ್ಲಿ ಅವನ್ನು ಬಿಟ್ಟು ಮೇವು ಸುರಿದೆ. ಮಾಯವ್ವ ತನ್ನದೇ ಎಂಬಂತೆ ನನ್ನ ರೊಟ್ಟಿಯ ಡಬ್ಬಿ ಹುಡುಕಿ ತೆಗೆದು, "ಉಣ್ಣು ಅತ್ತಿ, ಬ್ಯಾಗ ಬ್ಯಾಗ" ಎಂದಳು. ನಾನು ನಿಂತುಕೊಂಡೇ ಉಂಡೆ. ದುಃಖದಲ್ಲೂ ನನ್ನ ಹೊಟ್ಟೆ ಕೈಕೊಡುವುದಿಲ್ಲ, ಅದೊಂದು ನನ್ನ ಭಾಗ್ಯ. ಮೊದಲು ಗಂಡು ಹಕ್ಕಿ ಒಂದು ಕಾಳು ಹೆಕ್ಕಿತು. ಆಮೇಲೆ ಎಲ್ಲವೂ ಮುಗಿಬಿದ್ದವು. ಮಾಯವ್ವ ಅವುಗಳ ನಡುವೆ ಕೂತು ತಟ್ಟೆಯನ್ನು ಬೆರಳಲ್ಲಿ ಕುಟ್ಟುತ್ತ, ಒಂದೊಂದರ ಬೆನ್ನು ಸವರಿದಳು. ಆಗ ಮಾತ್ರ ಅವಳು ಅತ್ತದ್ದು. ಸಣ್ಣವಿದ್ದಾಗಿನಿಂದ ಸಾಕಿದ ಹಕ್ಕಿಗಳು, ಬಿಟ್ಟುಹೋಗುವುದು ಅವಳಿಗೂ ಸುಲಭವಿರಲಿಲ್ಲ.

ನಾವು ತಿರುಗಿ ಮನೆಗೆ ಹೋದಾಗ ಲಗಮಣ್ಣ ಕೌದಿಯನ್ನು ಒಲೆಯ ಮಗ್ಗುಲಲ್ಲೇ ಹಾಸಿ ತಾಯಿಯನ್ನು ಮಲಗಿಸಿದ್ದ. ಬಿಸಿಲು ಇಳಿದಿತ್ತು. ಅಂಗಳ ಬರಿದಾಗಿತ್ತು. ಪುತಳವ್ವ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದಳು. ಅಷ್ಟು ವರ್ಷ ಆ ಬಾಗಿಲ ಹೊರಗಿನಿಂದ ಸಾಲಾಗಿ ನಿಂತ ಹಕ್ಕಿಗಳ ಕಣ್ಣುಗಳು ಒಳಗೆ ನೋಡುತ್ತಿದ್ದವು. ಈಗ ಅಲ್ಲಿ ಏನೂ ಇರಲಿಲ್ಲ.

"ಹಕ್ಕಿ ಉಂಡುವೇನು?" ಎಂದು ಕೇಳಿದಳು.

"ಉಂಡುವು ಅತ್ತಿ. ಕೆಂಚವ್ವತ್ತಿ ಉಂಡಂಗ ಉಂಡುವು."

"ಪಾಪ, ಹೊಟ್ಟಿ ಒಡದು ಸಾಯ್ತಾವು ಹಂಗಾರ" ಎಂದು ಪುತಳವ್ವ ನಕ್ಕಳು. ನಗುವಾಗ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಎದ್ದು ಕೂಡಲು ಹೋದಳು. "ಗಂಜಿ ತಾ, ಕುಡೀತೀನಿ" ಎಂದಳು ಹೆದರಿದ ದನಿಯಲ್ಲಿ, ತಪ್ಪು ಮಾಡಿದವರ ಹಾಗೆ.

ಮಾಯವ್ವ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಬೇಕಂದ್ರ ಕುಡಿ, ಬ್ಯಾಡಂದ್ರ ಬಿಡು. ಈಗ ನೀ ಉಂಡ್ರೂ ಅಷ್ಟ, ಉಣ್ಣದಿದ್ರೂ ಅಷ್ಟ. ಲೆಕ್ಕ ಇಡಾವ್ರು ಯಾರೂ ಇಲ್ಲ."

ಪುತಳವ್ವ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಮಾಯವ್ವ ಚಮಚದ ತುದಿಯಲ್ಲಿ ಒಂದಿಷ್ಟು ಗಂಜಿ ಹಾಕಿದಳು, ಇಳಿಯಿತು. ಇನ್ನೊಮ್ಮೆ ಹಾಕಿದಳು, ಅದೂ ಇಳಿಯಿತು. ಬಟ್ಟಲು ಇನ್ನೂ ತುಂಬಿದ ಹಾಗೆಯೇ ಇತ್ತು. ಪುತಳವ್ವ ಕಣ್ಣು ಮುಚ್ಚಿ, "ಸಾಕು" ಎಂದಳು. ಇನ್ನೊಂದು ಗುಟುಕು ಎಂಬ ಮಾತು ನನ್ನ ತುಟಿಯ ತನಕ ಬಂದಿತ್ತು. ಮಾಯವ್ವ ಹೂಂ ಎಂದು ಬಟ್ಟಲನ್ನು ಕೆಳಗಿಟ್ಟಳು. ನಮ್ಮೂರಲ್ಲಿ ಯಾರಾದರೂ ಸಾಕು ಅಂದಾಗ ಬಟ್ಟಲು ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.